ಥೇಮ್ಸ್ ದಡದ ಹಳೆಯ ಗೋದಾಮಿನಲ್ಲಿ ಮನೆ: ಕೊಳ್ಳುವ ಮೊದಲು ಏನನ್ನು ನೋಡಬೇಕು?

ಪ್ರಶ್ನೆ: ನನ್ನ ಮಗಳು ಮತ್ತು ಅಳಿಯ ಒಂಬತ್ತು ವರ್ಷಗಳಿಂದ ಲಂಡನ್ನಿನಲ್ಲಿದ್ದಾರೆ. ಟವರ್ ಬ್ರಿಡ್ಜ್ ಪಕ್ಕದ ಶಾಡ್ ಥೇಮ್ಸ್ ಬೀದಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಗೋದಾಮನ್ನು ಅಪಾರ್ಟ್‌ಮೆಂಟಾಗಿ ಮಾರ್ಪಡಿಸಿರುವ ಕಟ್ಟಡವೊಂದರಲ್ಲಿ ಅವರು ಫ್ಲ್ಯಾಟ್ ನೋಡಿದ್ದಾರೆ. ಕಳೆದ ಬಾರಿ ಹೋದಾಗ ನಾನೂ ಕಂಡು ಬಂದೆ. ಇಟ್ಟಿಗೆ ಗೋಡೆ, ಕಬ್ಬಿಣದ ಕಂಬ, ಮರದ ತೊಲೆ ಎಲ್ಲವೂ ಮನಸ್ಸಿಗೆ ಹಿಡಿಸಿದವು. ಆದರೆ ನೂರು ವರ್ಷ ಮೂಟೆ ಹೊತ್ತು ದಣಿದ ಕಟ್ಟಡ ಇನ್ನೆಷ್ಟು ಕಾಲ ನಿಂತೀತು, ನದಿಗೆ ತಾಗಿದ ಗೋಡೆ ಗಟ್ಟಿಯಿದ್ದೀತೇ ಎಂಬ ಅಳುಕು ಹೋಗಿಲ್ಲ. ಇಂಥ ಗೋದಾಮುಗಳನ್ನು ಮನೆಗಳನ್ನಾಗಿ ಮಾಡುವುದು ಹೇಗೆ? ಕೊಳ್ಳುವವರು ಏನನ್ನು ಪರೀಕ್ಷಿಸಬೇಕು? — ಓದುಗರೊಬ್ಬರು, ಮಂಗಳೂರು

ಉತ್ತರ: ಭಾರ ತಾಳುವ ವಿಷಯದಲ್ಲಿ ನೀವು ಅಳುಕಬೇಕಾದ ಕಾರಣ ಬಹಳ ಕಡಿಮೆ. ಬ್ರಿಟನ್ನಿನಲ್ಲಿ ಇಂದು ವಾಸದ ಮನೆಯ ನೆಲವನ್ನು ಪ್ರತಿ ಚದರ ಮೀಟರಿಗೆ ಸುಮಾರು 150 ಕಿಲೊ ಬಳಕೆಯ ಭಾರಕ್ಕೆ ಲೆಕ್ಕ ಹಾಕುತ್ತಾರೆ. ಸಾಮಾನ್ಯ ಸರಕಿನ ಉಗ್ರಾಣಕ್ಕಾದರೆ ದಾಸ್ತಾನಿನ ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 240 ಕಿಲೊ ಹಿಡಿಯುತ್ತಾರೆ. ಮೂರು ಮೀಟರ್ ಎತ್ತರ ಮೂಟೆ ಪೇರಿಸಿದರೆ ಅದೇ ಚದರ ಮೀಟರಿನ ಮೇಲೆ 700 ಕಿಲೊ ದಾಟುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ ಎಂಜಿನಿಯರುಗಳ ಬಳಿ ಇಂದಿನ ಲೆಕ್ಕದ ಪುಸ್ತಕಗಳಿರಲಿಲ್ಲ. ಅವರು ಅನುಭವದಿಂದ, ಸ್ವಲ್ಪ ಧಾರಾಳವಾಗಿಯೇ ಕಟ್ಟಿದರು. ನಿಮ್ಮ ಮಗಳ ಸೋಫಾ, ಪುಸ್ತಕದ ಕಪಾಟು, ದೀಪಾವಳಿಗೆ ಸೇರುವ ನೆಂಟರಿಷ್ಟರು ಎಲ್ಲವನ್ನೂ ಸೇರಿಸಿದರೂ ಆ ತೊಲೆಗಳಿಗೆ ಅದು ರಜೆಯ ದಿನವಿದ್ದಂತೆ.

ಗೋದಾಮು ಮನೆಯಾದಾಗ ತಕರಾರು ಹುಟ್ಟುವುದು ಭಾರದಿಂದಲ್ಲ, ಅದನ್ನು ಕಟ್ಟಿದ್ದು ಸರಕಿಗಾಗಿ ಎಂಬ ಒಂದೇ ಕಾರಣದಿಂದ. ಮೆಣಸಿನ ಮೂಟೆಗೆ ಬೆಳಕು ಬೇಕಾಗಿಲ್ಲ, ಚಳಿಗಾಲದಲ್ಲಿ ಬೆಚ್ಚಗಿರಬೇಕಾಗಿಲ್ಲ, ಮೇಲಿನ ಅಂತಸ್ತಿನಲ್ಲಿ ಪೀಪಾಯಿ ಉರುಳಿದರೆ ಕೆಳಗಿನ ಚಹಾ ಪೆಟ್ಟಿಗೆಗೆ ನಿದ್ದೆ ಕೆಡುವುದಿಲ್ಲ, ಬೆಂಕಿ ಬಿದ್ದರೆ ಅದು ಎದ್ದು ಮೆಟ್ಟಿಲಿಳಿದು ಓಡುವುದಿಲ್ಲ. ಮನುಷ್ಯರಿಗೆ ಇವೆಲ್ಲವೂ ಬೇಕು. ಆದುದರಿಂದ ಇಟ್ಟಿಗೆಯ ಚೆಲುವನ್ನು ಬದಿಗಿಟ್ಟು, ಆ ಕಟ್ಟಡವನ್ನು ಮಾರ್ಪಡಿಸಿದವರು ಬೆಳಕು, ತೇವ, ಸದ್ದು ಮತ್ತು ಬೆಂಕಿಯನ್ನು ಹೇಗೆ ನಿಭಾಯಿಸಿದ್ದಾರೆಂಬುದನ್ನು ನೋಡಬೇಕು.

ಈ ಗೋದಾಮುಗಳು ಖಾಲಿಯಾದದ್ದು ಹೇಗೆಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಮಾರ್ಪಾಡಿನ ಗುಣಮಟ್ಟ ಅದು ನಡೆದ ಕಾಲವನ್ನು ಅವಲಂಬಿಸಿದೆ. ಲಂಡನ್ನಿನಲ್ಲಿ ಎತ್ತರದ ಗೋಡೆಯ ಒಳಗೆ ಮುಚ್ಚಿದ ಹಡಗುಕಟ್ಟೆಗಳ ಯುಗ ಆರಂಭವಾದದ್ದು 1802ರಲ್ಲಿ ತೆರೆದ ವೆಸ್ಟ್ ಇಂಡಿಯಾ ಡಾಕ್ಸ್‌ನಿಂದ. ಅಲ್ಲಿಗೆ ಬರುತ್ತಿದ್ದುದು ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರ ದುಡಿಮೆಯಿಂದ ಬೆಳೆದ ಸಕ್ಕರೆ ಮತ್ತು ಅದರಿಂದ ಇಳಿಸಿದ ರಮ್. 1805ರಲ್ಲಿ ವಾಪಿಂಗ್‌ನ ಲಂಡನ್ ಡಾಕ್ಸ್, 1828ರಲ್ಲಿ ಥಾಮಸ್ ಟೆಲ್‌ಫರ್ಡ್ ಎಂಜಿನಿಯರನಾಗಿ, ಫಿಲಿಪ್ ಹಾರ್ಡ್‌ವಿಕ್ ವಾಸ್ತುಶಿಲ್ಪಿಯಾಗಿ ಕಟ್ಟಿದ ಸೇಂಟ್ ಕ್ಯಾಥರಿನ್ ಡಾಕ್ಸ್ ಬಂದವು. ಸೇಂಟ್ ಕ್ಯಾಥರಿನ್‌ಗಾಗಿ ಒಂದು ಇಡೀ ಬಡವರ ಕೇರಿಯನ್ನೇ ಕೆಡವಿ, ಸುಮಾರು 11,000 ಜನರನ್ನು ಎಬ್ಬಿಸಲಾಯಿತು ಎಂಬುದನ್ನು ಇಂದು ಅಲ್ಲಿ ಕಾಫಿ ಕುಡಿಯುವವರು ಬಹುಶಃ ನೆನೆಯುವುದಿಲ್ಲ. ಈ ಮುಚ್ಚಿದ ಕಟ್ಟೆಗಳ ಹೊರಗೆ, ನದಿಯ ಎರಡೂ ದಡಗಳಲ್ಲಿ, ನಮ್ಮ ಕರಾವಳಿಯವರು ದಕ್ಕೆ ಎನ್ನುವಂಥ ಖಾಸಗಿ ವಾರ್ಫ್‌ಗಳು ಸಾಲುಗಟ್ಟಿದ್ದವು. ನಿಮ್ಮ ಮಗಳು ನೋಡಿರುವ ಶಾಡ್ ಥೇಮ್ಸ್ ಈ ಎರಡನೆಯ ಬಗೆಯದು. 1871–73ರಲ್ಲಿ ಎದ್ದ ಬಟ್ಲರ್ಸ್ ವಾರ್ಫ್ ಅಲ್ಲಿನ ಅತಿ ದೊಡ್ಡ ಗೋದಾಮು ಸಮೂಹ.

ನಮ್ಮ ಸೀಮೆಗೂ ಈ ಬೀದಿಗೂ ನಂಟಿದೆ. ಕೊಡಗು ಮತ್ತು ಮೈಸೂರು ಸೀಮೆಯ ಕಾಫಿ ಘಟ್ಟ ಇಳಿದು ಮಂಗಳೂರಿನಲ್ಲಿ ಸಂಸ್ಕರಣೆಗೊಂಡು ಹಡಗು ಹತ್ತುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ದೊಡ್ಡ ಮಾರುಕಟ್ಟೆ ಲಂಡನ್. ಚಹಾ ಮತ್ತು ಸಂಬಾರ ಪದಾರ್ಥಗಳ ವ್ಯಾಪಾರ ಕುದುರುತ್ತಿದ್ದ ಮಿನ್ಸಿಂಗ್ ಲೇನ್ ಈ ದಕ್ಕೆಗಳಿಂದ ನಡೆದುಹೋಗುವಷ್ಟು ದೂರದಲ್ಲಿದೆ. ಶಾಡ್ ಥೇಮ್ಸ್‌ನ ಕಟ್ಟಡಗಳಿಗೆ ಏಲಕ್ಕಿ, ಲವಂಗ, ದಾಲ್ಚಿನ್ನಿ, ಕೇಸರಿಯ ಹೆಸರುಗಳಿರುವುದನ್ನು ನೀವು ಗಮನಿಸಿರಬಹುದು. ಮಾರ್ಪಾಡಿನ ಕೆಲಸ ನಡೆಯುವಾಗ ಗೋಡೆಗಳಿಂದ ಇನ್ನೂ ಸಂಬಾರದ ವಾಸನೆ ಬರುತ್ತಿತ್ತೆಂದು ಅಲ್ಲಿಯವರು ಹೇಳುತ್ತಾರೆ. ಸುಣ್ಣದ ಗಾರೆಯೂ ಮರವೂ ವಾಸನೆಯನ್ನು ಎಷ್ಟು ಕಾಲ ಹಿಡಿದಿಡುತ್ತವೆಂದು ಬಲ್ಲ ನನಗೆ ಅದನ್ನು ನಂಬುವುದು ಕಷ್ಟವಲ್ಲ.

1940ರ ಸೆಪ್ಟೆಂಬರ್ 7ರಂದು ಆರಂಭವಾದ ಜರ್ಮನ್ ಬಾಂಬ್ ದಾಳಿ ಹಡಗುಕಟ್ಟೆಗಳನ್ನೇ ಗುರಿಯಾಗಿಸಿಕೊಂಡು ಬಹಳಷ್ಟು ಗೋದಾಮುಗಳನ್ನು ಸುಟ್ಟಿತು. ಉಳಿದವನ್ನು ಕೊಂದದ್ದು ಯುದ್ಧವಲ್ಲ, ಕಬ್ಬಿಣದ ಪೆಟ್ಟಿಗೆ. 1960ರ ದಶಕದಲ್ಲಿ ಕಂಟೇನರ್ ಬಂದ ಮೇಲೆ ಹಡಗುಗಳು ದೊಡ್ಡವಾದವು, ನದಿಯ ಮೇಲ್ಭಾಗಕ್ಕೆ ಬರಲಾರದಾದವು, ಸಮುದ್ರಕ್ಕೆ ಹತ್ತಿರದ ಟಿಲ್ಬರಿಯಲ್ಲೇ ನಿಂತವು. ಮೂಟೆ ಇಳಿಸಿ, ತೂಗಿ, ತಿಂಗಳುಗಟ್ಟಲೆ ದಾಸ್ತಾನಿಡುವ ಪದ್ಧತಿಯೇ ಹೋದಾಗ ಆರಂತಸ್ತಿನ ಗೋದಾಮಿಗೆ ಕೆಲಸವೇ ಉಳಿಯಲಿಲ್ಲ. ಈಸ್ಟ್ ಇಂಡಿಯಾ ಡಾಕ್ಸ್ 1967ರಲ್ಲಿ, ಸೇಂಟ್ ಕ್ಯಾಥರಿನ್ 1968ರಲ್ಲಿ, ಬಟ್ಲರ್ಸ್ ವಾರ್ಫ್ 1972ರಲ್ಲಿ, ವೆಸ್ಟ್ ಇಂಡಿಯಾ 1980ರಲ್ಲಿ, ಕೊನೆಗೆ ರಾಯಲ್ ಡಾಕ್ಸ್ 1981ರಲ್ಲಿ ಬಾಗಿಲು ಹಾಕಿದವು.

ಖಾಲಿ ಗೋದಾಮುಗಳಿಗೆ ಮೊದಲು ಬಂದವರು ಹಣವಂತರಲ್ಲ. ವಾಪಿಂಗ್‌ನಲ್ಲಿ 1870ರಲ್ಲಿ ಗಾಥಿಕ್ ಶೈಲಿಯಲ್ಲಿ ಕಟ್ಟಿದ್ದ ಆಲಿವರ್ಸ್ ವಾರ್ಫ್ ಎಂಬ ಚಹಾ ಗೋದಾಮನ್ನು 1972ರಲ್ಲೇ ಮನೆಗಳಾಗಿ ಮಾರ್ಪಡಿಸಲಾಯಿತು. ಸೇಂಟ್ ಕ್ಯಾಥರಿನ್‌ನಲ್ಲಿ ಒಂದು ಕಾಲಕ್ಕೆ ಆನೆದಂತ ತುಂಬಿಡುತ್ತಿದ್ದ ಐವರಿ ಹೌಸ್ 1973ರಲ್ಲಿ ಅದೇ ದಾರಿ ಹಿಡಿಯಿತು. ಇವು ಬಿಡಿ ಪ್ರಯತ್ನಗಳು. ಬಟ್ಲರ್ಸ್ ವಾರ್ಫ್‌ನಲ್ಲಿ ಎಪ್ಪತ್ತರ ದಶಕವಿಡೀ ಕಲಾವಿದರು ಅಗ್ಗದ ಬಾಡಿಗೆಗೆ ಕಾರ್ಯಾಗಾರ ಮಾಡಿಕೊಂಡಿದ್ದರು. ಚಿತ್ರ ನಿರ್ದೇಶಕ ಡೆರೆಕ್ ಜಾರ್ಮನ್ ಅವರಲ್ಲೊಬ್ಬ. 1981ರಲ್ಲಿ ಲಂಡನ್ ಡಾಕ್‌ಲ್ಯಾಂಡ್ಸ್ ಅಭಿವೃದ್ಧಿ ನಿಗಮ ಹುಟ್ಟಿದ ಮೇಲೆ ಲೆಕ್ಕವೇ ಬದಲಾಯಿತು. ಸೇಂಟ್ ಸೇವಿಯರ್ಸ್ ಡಾಕ್‌ನ ಬಾಯಿಯಲ್ಲಿರುವ, 1885ರ ಧಾನ್ಯದ ಗೋದಾಮು ನ್ಯೂ ಕಾಂಕಾರ್ಡಿಯಾ ವಾರ್ಫ್ ಎಂಬತ್ತರ ದಶಕದ ಮೊದಲ ವರ್ಷಗಳಲ್ಲೇ ಮನೆಗಳಾಗಿ, ಮುಂದಿನವರಿಗೆ ಮಾದರಿಯಾಯಿತು. ವಿನ್ಯಾಸಕಾರ ಟೆರೆನ್ಸ್ ಕಾನ್ರನ್ ಮತ್ತು ಸಂಗಡಿಗರು ಬಟ್ಲರ್ಸ್ ವಾರ್ಫ್ ಕೈಗೆತ್ತಿಕೊಂಡರು; ಪಕ್ಕದ ಬಾಳೆಹಣ್ಣಿನ ಗೋದಾಮೊಂದು 1989ರಲ್ಲಿ ಡಿಸೈನ್ ಮ್ಯೂಸಿಯಂ ಆಯಿತು. ಮರುವರ್ಷವೇ ಆಸ್ತಿಯ ಬೆಲೆ ಕುಸಿದು ಆ ಅಭಿವೃದ್ಧಿ ಕಂಪನಿ ಸಾಲ ಕೊಟ್ಟವರ ಕೈ ಸೇರಿತು. ಈ ಕೊನೆಯ ಸಂಗತಿ ಕೊಳ್ಳುವವರಿಗೆ ಮುಖ್ಯ: ಒಂದೇ ಬೀದಿಯ ಎರಡು ಕಟ್ಟಡಗಳಲ್ಲಿ ಒಂದನ್ನು ಹಣ ಹರಿಯುತ್ತಿದ್ದಾಗ, ಇನ್ನೊಂದನ್ನು ಹಣ ಬತ್ತಿದಾಗ ಮುಗಿಸಿರಬಹುದು. ಹೊರಗಿನ ಇಟ್ಟಿಗೆ ಎರಡರಲ್ಲೂ ಒಂದೇ ತೆರನಾಗಿ ಕಾಣುತ್ತದೆ.

ಈಗ ಕಟ್ಟಡದ ಒಳಕ್ಕೆ ಬರೋಣ. ಈ ಗೋದಾಮುಗಳ ಹೊರಗೋಡೆ ಗಟ್ಟಿ ಇಟ್ಟಿಗೆಯದು. ತಳದಲ್ಲಿ ಅತಿ ದಪ್ಪವಾಗಿದ್ದು ಮೇಲೇರಿದಂತೆ ಮೆಟ್ಟಿಲು ಮೆಟ್ಟಿಲಾಗಿ ತೆಳ್ಳಗಾಗುತ್ತದೆ. ಒಳಗೆ ಎರಕದ ಕಬ್ಬಿಣದ ಅಥವಾ ಮರದ ಕಂಬಗಳ ಸಾಲು, ಅವುಗಳ ಮೇಲೆ ದಪ್ಪ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ. ನಮ್ಮ ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದಂತೆ ಇವನ್ನೂ ಅಂಕಣದ ಲೆಕ್ಕದಲ್ಲೇ ಓದಬೇಕು: ಒಂದು ಫ್ಲ್ಯಾಟಿಗೆ ಎಷ್ಟು ಅಂಕಣ, ಹೊಸ ಗೋಡೆ ಅಂಕಣದ ಗೆರೆಯಲ್ಲೇ ನಿಂತಿದೆಯೇ ಅಥವಾ ಕಂಬವನ್ನು ನುಂಗಿ ಅಡ್ಡಾದಿಡ್ಡಿಯಾಗಿ ಹೋಗಿದೆಯೇ ಎಂದು ನೋಡಿದರೆ ವಿನ್ಯಾಸಕಾರನ ಶ್ರದ್ಧೆ ಅರ್ಧ ತಿಳಿದುಹೋಗುತ್ತದೆ. ನದಿಯ ಕಡೆಗೂ ಬೀದಿಯ ಕಡೆಗೂ ಪ್ರತಿ ಅಂತಸ್ತಿನಲ್ಲಿ ಒಂದರ ಮೇಲೊಂದರಂತೆ ಸರಕು ಎತ್ತುವ ಬಾಗಿಲುಗಳಿದ್ದವು. ಮೇಲೆ ರಾಟೆ ಅಥವಾ ಗೋಡೆಗೆ ಹೂಡಿದ ಕ್ರೇನು. ಇಂದು ಬಾಲ್ಕನಿಗಳಾಗಿ ಮಾರಾಟವಾಗುವುದು ಬಹುಪಾಲು ಈ ಬಾಗಿಲುಗಳೇ. ಬೀದಿಯ ಮೇಲೆ ಅಡ್ಡಡ್ಡಲಾಗಿ ಹಾದುಹೋಗುವ ಕಬ್ಬಿಣದ ಸೇತುವೆಗಳನ್ನೂ ನೀವು ಕಂಡಿರಬೇಕು. ನದಿಯಂಚಿನ ಗೋದಾಮಿನಿಂದ ಹಿಂದಿನ ಸಾಲಿನ ಗೋದಾಮಿಗೆ ಹಮಾಲರು ಬೀದಿಗೆ ಇಳಿಯದೆ ಪೀಪಾಯಿ ಉರುಳಿಸಿಕೊಂಡು ಹೋಗಲೆಂದು ಅವನ್ನು ಹಾಕಿದ್ದರು. ಈಗ ಅಲ್ಲಿ ಹೂಕುಂಡಗಳಿವೆ.

ಬೆಳಕು ಮೊದಲ ಕಷ್ಟ. ಗೋದಾಮಿನ ಆಳ ಮನೆಯ ಆಳಕ್ಕಿಂತ ಬಹಳ ಹೆಚ್ಚು, ಕಿಟಕಿಗಳು ಚಿಕ್ಕವು, ಅವೂ ಎರಡೇ ಬದಿಗೆ. ನಡುವಿನ ಕತ್ತಲೆಯನ್ನು ಏನು ಮಾಡುವುದೆಂಬುದಕ್ಕೆ ಇರುವುದು ಎರಡೇ ದಾರಿ. ಒಂದು, ಬಚ್ಚಲು, ಅಡುಗೆಮನೆ, ಮೆಟ್ಟಿಲು, ಲಿಫ್ಟುಗಳನ್ನೆಲ್ಲ ಮಧ್ಯಕ್ಕೆ ತಳ್ಳಿ ಕಿಟಕಿಯ ಬದಿಯನ್ನು ವಾಸದ ಕೋಣೆಗಳಿಗೆ ಬಿಡುವುದು. ಇನ್ನೊಂದು, ಕಟ್ಟಡದ ಹೊಟ್ಟೆಯನ್ನೇ ಕಡಿದು ತೊಟ್ಟಿಮನೆಯಂತೆ ಮಧ್ಯೆ ಆಕಾಶ ತರುವುದು. ಲಿವರ್‌ಪೂಲ್‌ನ ಸ್ಟ್ಯಾನ್ಲಿ ಡಾಕ್‌ನಲ್ಲಿ 1901ರಲ್ಲಿ ಮುಗಿದ ತಂಬಾಕಿನ ಗೋದಾಮಿಗೆ ಸುಮಾರು 2.7 ಕೋಟಿ ಇಟ್ಟಿಗೆ ಹಿಡಿದಿದೆಯೆನ್ನುತ್ತಾರೆ. ಅದರ ಆಳ ವಿಪರೀತ, ಅಂತಸ್ತುಗಳ ಎತ್ತರವೋ ತಂಬಾಕಿನ ಪೀಪಾಯಿಗೆ ತಕ್ಕಷ್ಟೇ ಗಿಡ್ಡ. ಅದನ್ನು ಮನೆ ಮಾಡಹೊರಟವರಿಗೆ ನಡುಭಾಗವನ್ನು ತೆರವುಗೊಳಿಸದೆ ಗತಿಯಿರಲಿಲ್ಲ. ನಿಮ್ಮ ಮಗಳ ಫ್ಲ್ಯಾಟಿನಲ್ಲಿ ಎರಡನೆಯ ಮಲಗುವ ಕೋಣೆಗೆ ಹೊರಗಿನ ಕಿಟಕಿ ಇದೆಯೇ, ಅಥವಾ ಅದು ಹಜಾರದಿಂದ ಗಾಜಿನ ಮೂಲಕ ಬೆಳಕು ಎರವಲು ಪಡೆಯುತ್ತಿದೆಯೇ ಎಂದು ನೋಡಿ. ನೀವು ಬೇಸಿಗೆಯಲ್ಲಿ ಹೋಗಿ ನೋಡಿದ್ದೀರಾದರೆ ಅದು ಸಾಲದು. ಲಂಡನ್ನಿನಲ್ಲಿ ಡಿಸೆಂಬರಿನ ಮಧ್ಯಾಹ್ನ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ.

ತೇವದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾನು ಕಂಡ ಬಹುಪಾಲು ಹಾನಿ ಇಲ್ಲಿಂದಲೇ ಬಂದದ್ದು. ಸುಣ್ಣದ ಗಾರೆಯ ಇಟ್ಟಿಗೆ ಗೋಡೆ ಮಳೆಗೆ ನೆನೆಯುತ್ತದೆ, ಗಾಳಿಗೆ ಆರುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಹಳೆಯ ಮನೆಯ ಗೋಡೆಯನ್ನು ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಹಾಗೆ ಉಸಿರಾಡುತ್ತಿರುವವರೆಗೆ ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಒಣಗಿರುತ್ತದೆ. ಗಾಳಿ ಆಡುವ, ಬೆಂಕಿ ಹಾಕದ ಗೋದಾಮಿನಲ್ಲಿ ಈ ಸಮತೋಲ ನೂರು ವರ್ಷ ನಡೆಯಿತು. ಮನೆಯಾದ ಕೂಡಲೇ ಎರಡು ಬದಲಾವಣೆಗಳಾದವು. ಒಳಗೆ ಅಡುಗೆಯ ಹಬೆ, ಸ್ನಾನದ ಹಬೆ, ಒಣಹಾಕಿದ ಬಟ್ಟೆಯ ತೇವ ಬಂತು. ಹೊರಗಿನ ಇಟ್ಟಿಗೆಯ ಸಂದುಗಳಿಗೆ, ಗಟ್ಟಿಯಾಗಿರಲಿ ಎಂದು, ಸಿಮೆಂಟಿನ ಪಾಯಿಂಟಿಂಗ್ ಬಂತು. ಸಿಮೆಂಟು ಇಟ್ಟಿಗೆಗಿಂತ ಗಡುಸು. ಸಂದಿನ ಮೂಲಕ ಹೋಗಬೇಕಾದ ತೇವ ದಾರಿಗಾಣದೆ ಇಟ್ಟಿಗೆಯ ಮೂಲಕವೇ ಹೋಗುತ್ತದೆ, ಚಳಿಗೆ ಅಲ್ಲೇ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವನ್ನು ಪದರ ಪದರವಾಗಿ ಉದುರಿಸುತ್ತದೆ. ಅಷ್ಟು ಸಾಲದೆಂಬಂತೆ ಎಪ್ಪತ್ತು-ಎಂಬತ್ತರ ದಶಕಗಳಲ್ಲಿ ನೂರು ವರ್ಷದ ಕಲ್ಲಿದ್ದಲ ಮಸಿಯನ್ನು ತೆಗೆಯಲು ಮರಳನ್ನು ಒತ್ತಡದಲ್ಲಿ ಚಿಮ್ಮಿಸುವ ವಿಧಾನವನ್ನು ಧಾರಾಳವಾಗಿ ಬಳಸಿದರು. ಇಟ್ಟಿಗೆ ಸುಡುವಾಗ ಮೇಲ್ಮೈಗೆ ಬರುವ ಗಟ್ಟಿ ಪದರ ಮಸಿಯ ಜೊತೆಗೇ ಹೋಯಿತು.

ನಿಮಗೆ ಹಿಡಿಸಿದ ಒಳಗಿನ ಬರಿ ಇಟ್ಟಿಗೆಯ ಗೋಡೆಯೂ ಆ ಕಾಲದ್ದೇ ಅಭಿರುಚಿ. ಗೋದಾಮಿನ ದಿನಗಳಲ್ಲಿ, ಇದ್ದಷ್ಟು ಬೆಳಕು ಪ್ರತಿಫಲಿಸಲೆಂದು, ಒಳಗೋಡೆಗಳಿಗೆ ಸಾಮಾನ್ಯವಾಗಿ ಸುಣ್ಣ ಬಳಿದಿರುತ್ತಿತ್ತು. ಅದನ್ನು ಉಜ್ಜಿ ಕೆಂಪು ತೋರಿಸಿದ್ದು ಮನೆ ಮಾರುವವರು. ಬರಿ ಗೋಡೆ ಚೆಲುವಾದರೂ ಚಳಿಗಾಲದಲ್ಲಿ ಅದು ಶಾಖವನ್ನು ಎಳೆದುಕೊಳ್ಳುತ್ತದೆ. ಹಾಗೆಂದು ಅದರ ಒಳಮೈಗೆ ಪ್ಲಾಸ್ಟಿಕ್ ಫೋಮಿನ ಹಲಗೆ ಅಂಟಿಸಿ ಬೆಚ್ಚಗೆ ಮಾಡಿಕೊಂಡರೆ ಇನ್ನೊಂದು ಅಪಾಯವಿದೆ. ಇಟ್ಟಿಗೆ ಇನ್ನಷ್ಟು ತಣ್ಣಗಾಗುತ್ತದೆ, ಒಳಗಿನ ಹಬೆ ಹಲಗೆಯ ಹಿಂದೆ ಹೋಗಿ ಇಬ್ಬನಿಯಾಗುತ್ತದೆ, ತೊಲೆಯ ತುದಿ ಸದಾ ಒದ್ದೆಯಾಗಿದ್ದು ಕುಂಬಾಗುತ್ತದೆ. ನಾನು ಪರಿಶೀಲಿಸಿದ ಒಂದು ಮನೆಯಲ್ಲಿ ಕೋಣೆಯ ನಡುವೆ ತೊಲೆ ಕಬ್ಬಿಣದಂತಿತ್ತು. ಗೋಡೆಯೊಳಗಿನ ಒಂದು ಗೇಣು ಮಾತ್ರ ಬೆರಳಿಗೆ ಕಾಫಿಪುಡಿಯಂತೆ ಬಂತು. ಬೆಚ್ಚಗೆ ಮಾಡಲೇಬೇಕಾದರೆ ಮರದ ನಾರಿನ ಹಲಗೆ, ಸುಣ್ಣದ ಗಿಲಾವು ಮುಂತಾದ ಹಬೆಯನ್ನು ಹಾಯಲು ಬಿಡುವ ಪದಾರ್ಥಗಳನ್ನೇ ಬಳಸಬೇಕು, ಅದನ್ನೂ ತೆಳುವಾಗಿ ಮಾಡಬೇಕು. ಕೊಳ್ಳುವ ಮೊದಲು ಕಟ್ಟಡದ ಸಮೀಕ್ಷೆ ಮಾಡುವವರಿಗೆ ನಿಮ್ಮ ಮಗಳು ಸ್ಪಷ್ಟವಾಗಿ ಹೇಳಬೇಕಾದದ್ದು ಇಷ್ಟು: ತೊಲೆಗಳು ಹೊರಗೋಡೆಯನ್ನು ಸೇರುವ ಜಾಗದಲ್ಲಿ ಮರದ ತೇವಾಂಶವನ್ನು ಅಳೆಯಬೇಕು. ಅದು ಶೇ. 20ರ ಮೇಲೆ ನಿಂತಿದ್ದರೆ ಮುಂದಿನ ಮಾತು ಎಂಜಿನಿಯರನೊಡನೆ ಆಗಬೇಕು, ದಲ್ಲಾಳಿಯೊಡನೆ ಅಲ್ಲ.

ಸದ್ದಿನ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ತೊಲೆ, ಜಂತಿ, ಹಲಗೆ ಮೂರೂ ಕೆಳಗಿನಿಂದ ಕಣ್ಣಿಗೆ ಕಾಣುತ್ತಿದ್ದರೆ ಮೇಲಿನ ಮನೆಯವರ ಹೆಜ್ಜೆ ಕಿವಿಗೆ ಕೇಳಿಸುವ ಸಂಭವ ಹೆಚ್ಚು. ಒಳ್ಳೆಯ ಮಾರ್ಪಾಡಿನಲ್ಲಿ ಜಂತಿಗಳ ನಡುವೆ ಭಾರದ ಪದರ ತುಂಬಿ, ಮೇಲೆ ಜಂತಿಗೆ ನೇರವಾಗಿ ತಾಗದಂಥ ತೇಲುವ ನೆಲ ಹಾಕಿ, ತೊಲೆಯನ್ನಷ್ಟೇ ಕಾಣಲು ಬಿಟ್ಟಿರುತ್ತಾರೆ. ಎಂಬತ್ತರ ದಶಕದ ಮಾರ್ಪಾಡುಗಳು ಈಗಿನ ಶಬ್ದ ನಿಯಮಗಳಿಗಿಂತ ಮುಂಚಿನವು. ಮೇಲಿನ ಮನೆಯಲ್ಲಿ ಜನರಿರುವ ಸಂಜೆಯ ಹೊತ್ತಿನಲ್ಲಿ ಹೋಗಿ ಹತ್ತು ನಿಮಿಷ ಸುಮ್ಮನೆ ಕುಳಿತರೆ ಯಾವ ಉಪಕರಣವೂ ಬೇಡ.

ಬೆಂಕಿಯ ಕಥೆ ಈ ಬೀದಿಯ ಇತಿಹಾಸದೊಡನೆಯೇ ಹೆಣೆದುಕೊಂಡಿದೆ. ಶಾಡ್ ಥೇಮ್ಸ್‌ನಿಂದ ಸ್ವಲ್ಪ ಪಶ್ಚಿಮಕ್ಕಿರುವ ಟೂಲಿ ಬೀದಿಯಲ್ಲಿ 1861ರ ಜೂನ್ 22ರಂದು ಕಾಟನ್ಸ್ ವಾರ್ಫ್‌ನಲ್ಲಿ ಹೊತ್ತಿದ ಬೆಂಕಿ ಸೆಣಬು, ಹತ್ತಿ, ಕೊಬ್ಬು, ಸಕ್ಕರೆ, ಸಂಬಾರ ಪದಾರ್ಥಗಳನ್ನು ನುಂಗುತ್ತ ಸುಮಾರು ಎರಡು ವಾರ ಉರಿಯಿತು. ಲಂಡನ್ನಿನ ಅಗ್ನಿಶಾಮಕ ಪಡೆಯ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಗೋಡೆ ಕುಸಿದು ಸತ್ತ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬೆಂಕಿ ಹರಡದಂತೆ ತಡೆಯಬೇಕಿದ್ದ ಕಬ್ಬಿಣದ ಬಾಗಿಲುಗಳು ತೆರೆದೇ ಇದ್ದವಂತೆ. ಈ ಅನಾಹುತದ ಬಳಿಕ ವಿಮಾ ಕಂಪನಿಗಳು ದರ ಏರಿಸಿದವು. ಖಾಸಗಿಯಾಗಿದ್ದ ಅಗ್ನಿಶಾಮಕ ವ್ಯವಸ್ಥೆಯನ್ನು 1866ರಲ್ಲಿ ಸಾರ್ವಜನಿಕ ಆಡಳಿತ ವಹಿಸಿಕೊಂಡಿತು. ಬಟ್ಲರ್ಸ್ ವಾರ್ಫ್ ಎದ್ದದ್ದು ಆ ಬೆಂಕಿಯಾದ ಹತ್ತು ವರ್ಷಕ್ಕೆ. ಅಲ್ಲಿನ ಗೋದಾಮುಗಳಲ್ಲಿ ಅಷ್ಟಷ್ಟು ದೂರಕ್ಕೆ ಒಂದು ದಪ್ಪ ಅಡ್ಡಗೋಡೆ, ಅದರಲ್ಲಿ ಜೋಡಿ ಕಬ್ಬಿಣದ ಬಾಗಿಲು ಕಂಡರೆ ಅದು ಅಲಂಕಾರವಲ್ಲ, ಆ ಬೆಂಕಿಯ ನೆನಪು.

ಬ್ರೇಡ್‌ವುಡ್ ಬದುಕಿರುವಾಗಲೇ ಒಂದು ಎಚ್ಚರಿಕೆ ಕೊಟ್ಟಿದ್ದ: ಎರಕದ ಕಬ್ಬಿಣದ ಕಟ್ಟಡವನ್ನು ಬೆಂಕಿಗೆ ಜಗ್ಗದ ಕಟ್ಟಡವೆಂದು ನಂಬಬೇಡಿ. ಕೇಳಲು ವಿಚಿತ್ರವಾದರೂ ಮಾತು ನಿಜ. ಎರಕದ ಕಬ್ಬಿಣ ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಪೆಡಸು. ಕಾದಿರುವಾಗ ಮೇಲೆ ತಣ್ಣೀರು ಬಿದ್ದರೆ ಮುನ್ಸೂಚನೆ ಕೊಡದೆ ಸೀಳಬಹುದು. ದಪ್ಪ ಮರದ ತೊಲೆ ಹಾಗಲ್ಲ. ಮೆದುಮರ ನಿಮಿಷಕ್ಕೆ ಸುಮಾರು ಮುಕ್ಕಾಲು ಮಿಲಿಮೀಟರಿನೊಳಗೇ ಕರಕಲಾಗುತ್ತದೆ, ಆ ಕರಕಲೇ ಒಳಗಿನ ಮರಕ್ಕೆ ಹೊದಿಕೆಯಾಗುತ್ತದೆ. ಮೂವತ್ತು ಸೆಂಟಿಮೀಟರಿನ ತೊಲೆ ಒಂದು ಗಂಟೆ ಉರಿದ ಮೇಲೂ ಬದಿಗೆ ನಾಲ್ಕೈದು ಸೆಂಟಿಮೀಟರ್ ಕಳೆದುಕೊಂಡು ನಿಂತಿರುತ್ತದೆ. ಆದುದರಿಂದ ಫ್ಲ್ಯಾಟಿನಲ್ಲಿ ಕಬ್ಬಿಣದ ಕಂಬ ಬರಿದಾಗಿ ಕಾಣುತ್ತಿದ್ದರೆ ಅದಕ್ಕೆ ಶಾಖ ತಗುಲಿದಾಗ ಉಬ್ಬಿ ಹೊದಿಕೆಯಾಗುವ ಬಣ್ಣ ಬಳಿದಿದೆಯೇ, ಬಳಿದದ್ದು ಯಾವಾಗ ಎಂದು ಕೇಳಬೇಕು. ಹಿಂದಿನ ಮಾಲೀಕರು ಚೆಂದಕ್ಕೆಂದು ಅದನ್ನು ಕೆರೆದು ಸಾಮಾನ್ಯ ಕಪ್ಪು ಬಣ್ಣ ಹೊಡೆದಿರುವುದೂ ಉಂಟು. ಕಟ್ಟಡದ ಇತ್ತೀಚಿನ ಅಗ್ನಿ ಅಪಾಯ ಮೌಲ್ಯಮಾಪನದ ವರದಿಯನ್ನು ಓದಿಯೇ ಮುಂದುವರಿಯಬೇಕು. 18 ಮೀಟರ್ ಅಥವಾ 7 ಅಂತಸ್ತು ಮುಟ್ಟಿದ ವಸತಿ ಕಟ್ಟಡಗಳಿಗೆ 2022ರ ಕಟ್ಟಡ ಸುರಕ್ಷತಾ ಕಾಯ್ದೆಯಡಿ ಹೆಚ್ಚಿನ ಕಟ್ಟುಪಾಡುಗಳಿವೆ, ಅದರ ಖರ್ಚೂ ಇದೆ.

ಲಿವರ್‌ಪೂಲ್‌ನಲ್ಲಿ ಎಂಜಿನಿಯರ್ ಜೆಸ್ಸಿ ಹಾರ್ಟ್ಲಿ ಇದೇ ಸಮಸ್ಯೆಗೆ ಇನ್ನೊಂದು ಉತ್ತರ ಕೊಟ್ಟಿದ್ದ. 1846ರಲ್ಲಿ ತೆರೆದ ಆಲ್ಬರ್ಟ್ ಡಾಕ್‌ನ ಗೋದಾಮುಗಳ ರಚನೆಗೆ ಅವನು ಮರವನ್ನೇ ಬಳಸಲಿಲ್ಲ. ಇಟ್ಟಿಗೆ, ಕಲ್ಲು, ಕಬ್ಬಿಣಗಳಲ್ಲೇ ಎಲ್ಲವನ್ನೂ ಮುಗಿಸಿ, ನೆಲಗಳನ್ನು ಇಟ್ಟಿಗೆಯ ಕಮಾನುಗಳ ಮೇಲೆ ಕೂರಿಸಿದ. 1972ರಲ್ಲಿ ಮುಚ್ಚಿ, ಹೂಳು ತುಂಬಿ ಪಾಳುಬಿದ್ದಿದ್ದ ಆ ಕಟ್ಟಡಗಳು ಎಂಬತ್ತರ ದಶಕದಲ್ಲಿ ಮತ್ತೆ ಜೀವ ಪಡೆದು ಇಂದು ಮನೆ, ವಸ್ತುಸಂಗ್ರಹಾಲಯ, ಅಂಗಡಿಗಳಿಗೆ ಜಾಗ ಕೊಟ್ಟಿವೆ. ನನ್ನ ಮಟ್ಟಿಗೆ ಇಂಗ್ಲೆಂಡಿನ ಗೋದಾಮುಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ನಿಮ್ಮ ಮಗಳು ಕೆಲಸ ಮಾಡುವುದು ಲಂಡನ್ನಿನಲ್ಲಿ, ಆದ್ದರಿಂದ ಆ ಆಸೆ ಬಿಡೋಣ.

ನದಿಯ ಗೋಡೆಯ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಆದರೆ ಅದರ ಉತ್ತರ ಎಂಜಿನಿಯರಿಂಗಿಗಿಂತ ಹೆಚ್ಚಾಗಿ ಕಾನೂನಿನಲ್ಲಿದೆ. ಟವರ್ ಬ್ರಿಡ್ಜ್ ಬಳಿ ಥೇಮ್ಸ್‌ನ ನೀರು ಉಬ್ಬರ-ಇಳಿತಗಳ ನಡುವೆ ಆರೇಳು ಮೀಟರಿನಷ್ಟು ಏರಿಳಿಯಬಲ್ಲದು, ಅದೂ ದಿನಕ್ಕೆ ಎರಡು ಸಲ. ದೊಡ್ಡ ಉಬ್ಬರವನ್ನು ತಡೆಯಲು ನದಿಗೆ ಅಡ್ಡಲಾಗಿ ಕಟ್ಟಿದ ಥೇಮ್ಸ್ ಬ್ಯಾರಿಯರ್ ಎಂಬ ತಡೆ 1982ರಿಂದ ಕೆಲಸ ಮಾಡುತ್ತಿದೆ. ದಡದ ಗೋಡೆಯನ್ನು ಸುಸ್ಥಿತಿಯಲ್ಲಿಡುವ ಹೊಣೆ ಮಾತ್ರ 1879ರ ಕಾಯ್ದೆಯ ಕಾಲದಿಂದಲೂ ಆ ದಡದ ಆಸ್ತಿಯವರದೇ. ನದಿಯಂಚಿನ ಗೋದಾಮಿನಲ್ಲಿ ಕಟ್ಟಡದ ಗೋಡೆಯೇ ಅನೇಕ ವೇಳೆ ಪ್ರವಾಹ ತಡೆಯ ಗೋಡೆಯೂ ಆಗಿರುತ್ತದೆ. ಅದರ ದುರಸ್ತಿ ಬಂದರೆ ಬಿಲ್ಲು ಸರ್ಕಾರಕ್ಕಲ್ಲ, ಫ್ಲ್ಯಾಟಿನವರ ನಿರ್ವಹಣಾ ಶುಲ್ಕಕ್ಕೆ ಬರುತ್ತದೆ. ಸಮುದ್ರಮಟ್ಟ ಏರುತ್ತಿರುವುದರಿಂದ ಈ ಗೋಡೆಗಳನ್ನು ಮುಂದಿನ ದಶಕಗಳಲ್ಲಿ ಎತ್ತರಿಸಬೇಕೆಂದು ಥೇಮ್ಸ್ ಎಸ್ಚುರಿ 2100 ಯೋಜನೆ ಹೇಳುತ್ತದೆ. ಹೀಗಾಗಿ ಕಟ್ಟಡದ ಮೀಸಲು ನಿಧಿಯಲ್ಲಿ ಎಷ್ಟು ಹಣವಿದೆ, ನದಿಗೋಡೆಯನ್ನು ಕಡೆಯದಾಗಿ ಯಾರು ಪರೀಕ್ಷಿಸಿದರು, ಮುಂದಿನ ಐದಾರು ವರ್ಷಗಳಲ್ಲಿ ಯಾವ ದೊಡ್ಡ ಕೆಲಸಗಳಿವೆ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಬೇಕು. ಅದೇ ಕಟ್ಟಡದ ಬೀದಿಯ ಬದಿಯ ಫ್ಲ್ಯಾಟಿನವರೂ, ಒಂದು ತೊಟ್ಟು ನದಿ ಕಾಣದಿದ್ದರೂ, ಈ ಖರ್ಚಿನಲ್ಲಿ ಪಾಲುದಾರರಾಗಿರಬಹುದು.

ಇನ್ನು ಕಾಗದಪತ್ರ. ಇಂಗ್ಲೆಂಡಿನಲ್ಲಿ ಫ್ಲ್ಯಾಟ್ ಕೊಳ್ಳುವುದೆಂದರೆ ಬಹುಪಾಲು ದೀರ್ಘ ಗುತ್ತಿಗೆ ಕೊಳ್ಳುವುದು. 1985ರಲ್ಲಿ 125 ವರ್ಷಕ್ಕೆ ಕೊಟ್ಟ ಗುತ್ತಿಗೆ 2110ಕ್ಕೆ ಮುಗಿಯುತ್ತದೆ. 99 ವರ್ಷದ್ದಾದರೆ 2084ಕ್ಕೆ. 80 ವರ್ಷಕ್ಕಿಂತ ಕಡಿಮೆ ಉಳಿದರೆ ವಿಸ್ತರಣೆಯ ಬೆಲೆ ಒಮ್ಮೆಲೇ ಏರುವ ನಿಯಮವನ್ನು ತೆಗೆದುಹಾಕಲು 2024ರಲ್ಲಿ ಕಾಯ್ದೆಯೊಂದಾಗಿದೆ, ಆದರೆ ಅದರ ಕಲಮುಗಳು ಹಂತಹಂತವಾಗಿ ಜಾರಿಗೆ ಬರುವಂಥವಾದ್ದರಿಂದ ಕೊಳ್ಳುವ ದಿನದ ಸ್ಥಿತಿಯನ್ನು ಆಸ್ತಿ ವ್ಯವಹಾರ ನೋಡುವ ವಕೀಲರ (ಸಾಲಿಸಿಟರ್) ಬಾಯಿಂದಲೇ ಕೇಳಬೇಕು. ಜೊತೆಗೆ ಬಟ್ಲರ್ಸ್ ವಾರ್ಫ್‌ನಂಥ ಕಟ್ಟಡಗಳು ಸಂರಕ್ಷಿತ ಪಟ್ಟಿಯಲ್ಲಿವೆ. ಅಲ್ಲಿ ಕಿಟಕಿ ಬದಲಾಯಿಸಲು, ಒಳಗೋಡೆ ಕೆಡವಲು, ಹಳೆಯ ತೊಲೆಗೆ ಕೈ ಹಚ್ಚಲು ಸ್ಥಳೀಯ ಕೌನ್ಸಿಲಿನ ಅನುಮತಿ ಬೇಕು. ಅನುಮತಿಯಿಲ್ಲದೆ ಮಾಡಿದರೆ ಅದು ಕ್ರಿಮಿನಲ್ ಅಪರಾಧ. ಹಿಂದಿನವರು ಕದ್ದುಮುಚ್ಚಿ ಮಾಡಿದ ಬದಲಾವಣೆಯನ್ನು ಸರಿಪಡಿಸುವಂತೆ ಈಗಿನ ಮಾಲೀಕರಿಗೇ ನೋಟಿಸು ಕೊಡಬಹುದು, ಅದಕ್ಕೆ ಕಾಲಮಿತಿಯೂ ಇಲ್ಲ. ಎರಕದ ಕಬ್ಬಿಣದ ಚೌಕಟ್ಟಿನ ಒಂಟಿ ಗಾಜಿನ ಕಿಟಕಿಗಳು ಚಳಿ ತರುತ್ತವೆಂದು ತೆಗೆದುಹಾಕಲು ಒಪ್ಪಿಗೆ ಸಿಗುವುದು ಅಪರೂಪ. ಒಳಬದಿಗೆ ಎರಡನೆಯ ಗಾಜಿನ ಚೌಕಟ್ಟು ಕೂರಿಸುವುದೇ ಅಲ್ಲಿ ನಡೆದುಬಂದ ಪರಿಹಾರ.

ಕೊನೆಯದಾಗಿ, ಆ ಪ್ರದೇಶದಲ್ಲಿ ವಾರ್ಫ್ ಎಂದು ಹೆಸರಿಟ್ಟುಕೊಂಡದ್ದೆಲ್ಲ ಗೋದಾಮಾಗಿರಬೇಕಿಲ್ಲ. ನದಿಯಂಚಿನ ಚೈನಾ ವಾರ್ಫ್ 1988ರಲ್ಲಿ ಹೊಸದಾಗಿ ಕಟ್ಟಿದ್ದು; ಇನ್ನು ಕೆಲವು ಕಟ್ಟಡಗಳಲ್ಲಿ ಹಳೆಯದಾಗಿ ಉಳಿದಿರುವುದು ಬೀದಿಗೆ ಕಾಣುವ ಮುಖವಷ್ಟೇ, ಅದರ ಹಿಂದೆ ಸಾಮಾನ್ಯ ಕಾಂಕ್ರೀಟ್ ಚೌಕಟ್ಟಿದೆ. ಹಾಗಿರುವುದು ದೋಷವಲ್ಲ, ವಾಸಕ್ಕೆ ಅದೇ ಹೆಚ್ಚು ಅನುಕೂಲವೂ ಆಗಬಹುದು. ಆದರೆ ಹಳೆಯ ಗೋದಾಮಿನ ಬೆಲೆಯನ್ನು ಅದಕ್ಕೆ ತೆರಬಾರದು. ಕಂಬಕ್ಕೆ ಬೆರಳ ಗೆಣ್ಣಿನಿಂದ ಬಡಿದು ನೋಡಿದರೆ ಎರಕದ ಕಬ್ಬಿಣವೋ ಪ್ಲಾಸ್ಟರ್ ಬೋರ್ಡಿನ ಹೊದಿಕೆಯೋ ತಕ್ಷಣ ತಿಳಿಯುತ್ತದೆ. ನಿಮ್ಮ ಮಗಳು ಎರಡನೆಯ ಸಲ ಹೋಗುವಾಗ ನೀರಿಳಿತದ ಹೊತ್ತನ್ನು ನೋಡಿಕೊಂಡು ಹೋಗಲಿ. ಎದುರು ದಡದಿಂದಲೋ ಟವರ್ ಬ್ರಿಡ್ಜ್ ಮೇಲಿಂದಲೋ ನೋಡಿದರೆ ಆಗ ಕಟ್ಟಡದ ಪಾದದವರೆಗೂ ಗೋಡೆ ತೆರೆದುಕೊಂಡಿರುತ್ತದೆ. ಸಂದುಗಳಲ್ಲಿ ಬೆಳೆದ ಗಿಡ, ತುಕ್ಕಿನ ಕಲೆ, ಹೊಸ ಇಟ್ಟಿಗೆಯ ತೇಪೆ ಕಂಡರೆ ಫೋಟೊ ತೆಗೆದು ಸಮೀಕ್ಷಕರಿಗೆ ಕಳಿಸಲಿ. ನೀರು ತುಂಬಿದ ಹೊತ್ತಿನಲ್ಲಿ ದಲ್ಲಾಳಿ ತೋರಿಸುವ ಬಾಲ್ಕನಿಯಿಂದ ಅದಾವುದೂ ಕಾಣುವುದಿಲ್ಲ.